ಕೆಲಸವಿಲ್ಲದ ತಿಂಗಳುಗಳಿಗೆ: ಯಾವ ಹಣ, ಯಾವ ಕಾಗದ, ಯಾವ ತಾರೀಖು

ಊರಿನ ಮದುವೆಮನೆ. ಪಂಕ್ತಿಯಲ್ಲಿ ಕೂತ ಹುಡುಗನಿಗೆ ಪಕ್ಕದ ಎಲೆಯಿಂದ ಪ್ರಶ್ನೆ ಬರುತ್ತದೆ: ‘ಏನ್ಮಾಡ್ಕೊಂಡಿದೀಯಪ್ಪ ಈಗ?’ ಬಿ.ಕಾಂ. ಮುಗಿಸಿ ಎಂಟು ತಿಂಗಳಾಗಿದೆ. ಏನೂ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಅದೇ ಹೊತ್ತಿಗೆ ಪೀಣ್ಯದ ಕಡೆಯ ಒಂದು ಬಾಡಿಗೆ ಮನೆಗೆ ಹೆಣ್ಣುಮಗಳೊಬ್ಬಳು ಬೆಳಗಿನ ಹತ್ತು ಗಂಟೆಗೇ ವಾಪಸು ಬಂದಿದ್ದಾಳೆ. ಕಟ್ಟಿಕೊಂಡು ಹೋದ ಬುತ್ತಿ ಹಾಗೇ ಇದೆ. ಗಾರ್ಮೆಂಟ್ಸ್ ಗೇಟಿಗೆ ಬೀಗ ಬಿದ್ದಿದೆ.

ಇಬ್ಬರಿಗೂ ಈಗ ಸಂಬಳವಿಲ್ಲ. ಆದರೆ ಇಬ್ಬರ ಹೆಸರಿನಲ್ಲೂ ಒಂದಿಷ್ಟು ಹಣವಿದೆ, ಅಥವಾ ಇರುವ ಸಾಧ್ಯತೆ ಇದೆ. ಹುಡುಗನಿಗೆ ರಾಜ್ಯ ಸರ್ಕಾರದ ಯುವನಿಧಿ, ಹೆಣ್ಣುಮಗಳಿಗೆ ಇಎಸ್‌ಐ ನಿರುದ್ಯೋಗ ಭತ್ಯೆ ಮತ್ತು ಪಿಎಫ್. ಈ ಹಣ ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಪ್ರತಿಯೊಂದೂ ಒಂದು ಕಾಗದ ಕೇಳುತ್ತದೆ, ಒಂದು ತಾರೀಖು ಕೇಳುತ್ತದೆ. ಅರ್ಹತೆ ಇದ್ದೂ ಹಣ ಕೈತಪ್ಪಿದವರನ್ನು ನಾನು ಕಂಡಿದ್ದೇನೆ. ಅವರ ಅರ್ಹತೆಯಲ್ಲಿ ಕೊರತೆ ಇರಲಿಲ್ಲ. ಯಾವ ಕಾಗದ, ಯಾವಾಗ ಎಂದು ಹೇಳುವವರು ಇರಲಿಲ್ಲ, ಅಷ್ಟೆ. ಆ ಕೆಲಸಕ್ಕಾಗಿ ಈ ಲೇಖನ.

ಮೊದಲು ನೀವು ಯಾರು ಎಂದು ತಿಳಿಯಿರಿ

ನಮ್ಮಲ್ಲಿ ನಿರುದ್ಯೋಗಿಗಳೆಲ್ಲರಿಗೂ ಅನ್ವಯಿಸುವ ಒಂದೇ ಯೋಜನೆ ಇಲ್ಲ. ಹಾಗಾಗಿ ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಪದವಿ ಅಥವಾ ಡಿಪ್ಲೊಮಾ ಮುಗಿಸಿ ಇನ್ನೂ ಕೆಲಸಕ್ಕೆ ಸೇರದವರು ಯುವನಿಧಿಯ ಕಡೆ ನೋಡಬೇಕು. ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದ್ದು, ಈಗ ಕೆಲಸ ಕಳೆದುಕೊಂಡವರು ಇಎಸ್‌ಐ ಶಾಖಾ ಕಚೇರಿಗೆ ಹೋಗಬೇಕು. ಪಿಎಫ್ ಕಡಿತವಾಗುತ್ತಿದ್ದವರು ತಮ್ಮ ಯುಎಎನ್ (ಪಿಎಫ್ ಸದಸ್ಯರ ಸಾರ್ವತ್ರಿಕ ಖಾತೆ ಸಂಖ್ಯೆ) ಖಾತೆ ತೆರೆದು ನೋಡಬೇಕು. ಹಳ್ಳಿಯಲ್ಲಿದ್ದು ಮೈಮುರಿದು ದುಡಿಯಲು ಸಿದ್ಧರಿರುವವರು ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಬೇಕು. ಕೆಲವರು ಎರಡು ಗುಂಪಿಗೆ ಸೇರಬಹುದು. ಕಾರ್ಖಾನೆ ಕೆಲಸ ಹೋದವರಿಗೆ ಸಾಮಾನ್ಯವಾಗಿ ಇಎಸ್‌ಐ ಮತ್ತು ಪಿಎಫ್ ಎರಡೂ ಇರುತ್ತವೆ.

ಯುವನಿಧಿ: ಓದು ಮುಗಿಸಿದವರಿಗೆ

ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಜಾರಿಗೆ ಬಂದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು. ಪೂರ್ತಿ ಅವಧಿಗೆ ಪಡೆದರೆ ಪದವೀಧರರಿಗೆ 72,000, ಡಿಪ್ಲೊಮಾದವರಿಗೆ 36,000 ರೂಪಾಯಿ ಆಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿಬರುವ ಖರ್ಚು, ಪರೀಕ್ಷೆಯ ಶುಲ್ಕ, ಮೊಬೈಲ್ ಡೇಟಾ – ಇಷ್ಟಕ್ಕೂ ಮನೆಯವರ ಮುಂದೆ ಕೈಚಾಚುವುದನ್ನು ಇದು ತಪ್ಪಿಸುತ್ತದೆ.

ಶುರುವಿನಲ್ಲಿ 2022–23ನೇ ಸಾಲಿನಲ್ಲಿ ತೇರ್ಗಡೆಯಾದವರಿಗೆ ಇದ್ದ ಯೋಜನೆ ಬಳಿಕ ಮುಂದಿನ ಸಾಲಿನವರಿಗೂ ವಿಸ್ತರಿಸಿತು. ಮುಖ್ಯ ಷರತ್ತುಗಳು ಹೀಗಿವೆ:

• ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು.
• ಕರ್ನಾಟಕದ ನಿವಾಸಿಯಾಗಿದ್ದು, ಪದವಿ ಅಥವಾ ಡಿಪ್ಲೊಮಾವರೆಗಿನ ಓದಿನಲ್ಲಿ ಕನಿಷ್ಠ ಆರು ವರ್ಷ ಇಲ್ಲಿ ಓದಿರಬೇಕು.
• ಉನ್ನತ ವ್ಯಾಸಂಗ ಮುಂದುವರಿಸುತ್ತಿರಬಾರದು. ಬಿ.ಎ. ಮುಗಿಸಿ ಎಂ.ಎ.ಗೆ ಸೇರಿದವರಿಗೆ ಇದು ಸಿಗದು.
• ಶಿಷ್ಯವೇತನ ಪಡೆಯುವ ಅಪ್ರೆಂಟಿಸ್ ಆಗಿರಬಾರದು. ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿರಬಾರದು. ಸರ್ಕಾರಿ ಯೋಜನೆಯ ಸಾಲ ಪಡೆದು ಸ್ವಂತ ಉದ್ಯೋಗ ನಡೆಸುತ್ತಿರಬಾರದು.

ಅರ್ಜಿ ಹಾಕುವುದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಿಗೆ ಹೋಗಬಹುದು. ಆಧಾರ್, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರದ ವಿವರ, ವಾಸ ಮತ್ತು ಓದನ್ನು ತೋರಿಸುವ ದಾಖಲೆ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಸಿಇಟಿ ಸಂಖ್ಯೆ, ಪಡಿತರ ಚೀಟಿ – ಇವುಗಳಲ್ಲಿ ನಿಮಗೆ ಅನ್ವಯಿಸುವುದನ್ನು ಮೊದಲೇ ಎತ್ತಿಟ್ಟುಕೊಳ್ಳಿ.

ತುಂಬ ಜನ ಮುಗ್ಗರಿಸುವುದು ಇಲ್ಲಿ: ಕೈಯಲ್ಲಿ ಪದವಿ ಪತ್ರ ಇದ್ದರೆ ಸಾಲದು, ಅದು ಡಿಜಿಲಾಕರ್‌ಗೆ ಜೋಡಿಸಿರುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲೂ ಇರಬೇಕು. ಅಲ್ಲಿಗೆ ಏರಿಸುವುದು ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿಯ ಕೆಲಸ. ಫಲಿತಾಂಶ ಬಂದ ವಾರದಲ್ಲೇ ಡಿಜಿಲಾಕರ್ ತೆರೆದು ನೋಡಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇದ್ದರೆ ಆಗಲೇ ಸರಿಪಡಿಸಿ. ಕಾಯಬೇಕಾದ 180 ದಿನಗಳನ್ನು ಈ ಕೆಲಸಕ್ಕೆ ಬಳಸಿಕೊಂಡರೆ 181ನೇ ದಿನ ಅರ್ಜಿ ಸಿದ್ಧವಿರುತ್ತದೆ.

ಮರೆಯಬಾರದ ಸ್ವಯಂ ಘೋಷಣೆ

ಅರ್ಜಿ ಮಂಜೂರಾಯಿತೆಂದು ಸುಮ್ಮನೆ ಕೂರುವಂತಿಲ್ಲ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಓದು ಮುಂದುವರಿಸುತ್ತಿಲ್ಲ’ ಎಂದು ಸೇವಾ ಸಿಂಧುವಿನಲ್ಲೇ ಆಗಾಗ ಘೋಷಿಸುತ್ತಿರಬೇಕು. ಮೊದಲು ಪ್ರತಿ ತಿಂಗಳ 25ರೊಳಗೆ ಇದನ್ನು ಮಾಡಬೇಕಿತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ ಎಂದು ಬದಲಾಯಿತು. ನಿಮ್ಮ ಸರದಿ ಯಾವ ತಿಂಗಳು ಎಂಬುದನ್ನು ಪೋರ್ಟಲ್‌ನಲ್ಲಿ ನೋಡಿ, ಮನೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ಒಂದನೇ ತಾರೀಖಿಗೇ ಗುರುತು ಹಾಕಿ. ಕೊನೆಯ ದಿನಕ್ಕೆ ಬಿಟ್ಟರೆ ಸರ್ವರ್ ಕೈಕೊಡಬಹುದು.

ಕೆಲಸ ಸಿಕ್ಕ ತಿಂಗಳೇ ಅದನ್ನು ತಿಳಿಸಿಬಿಡಿ. ಸುಳ್ಳು ಘೋಷಣೆ ಕೊಟ್ಟದ್ದು ಗೊತ್ತಾದರೆ ಹಣ ವಾಪಸು ಕಟ್ಟಬೇಕಾಗುತ್ತದೆ, ದಂಡವೂ ಬೀಳಬಹುದು. ಪಿಎಫ್ ಕಡಿತ ಶುರುವಾದರೆ ಸಾಕು, ನಿಮ್ಮ ಕೆಲಸ ದಾಖಲೆಯಲ್ಲಿ ಕಾಣುತ್ತದೆ.

ಹಣ ಬರಲಿಲ್ಲವೇ? ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ

‘ಆಧಾರ್ ಲಿಂಕ್ ಆಗಿದೆ ಸಾರ್, ಆದ್ರೂ ದುಡ್ಡು ಬಂದಿಲ್ಲ’ – ಇದು ಎಲ್ಲ ಕಡೆ ಕೇಳಿಬರುವ ದೂರು. ಇಲ್ಲಿ ಎರಡು ಬೇರೆ ಬೇರೆ ಜೋಡಣೆಗಳಿವೆ. ಗುರುತಿಗಾಗಿ ಬ್ಯಾಂಕು ನಿಮ್ಮ ಆಧಾರ್ ಸಂಖ್ಯೆ ಪಡೆದಿರುವುದು ಒಂದು. ಸರ್ಕಾರದ ನೇರ ನಗದು ವರ್ಗಾವಣೆಗಾಗಿ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಒಂದು ಖಾತೆಯನ್ನು ಜೋಡಿಸಿರುವುದು ಇನ್ನೊಂದು. ಯೋಜನೆಯ ಹಣಕ್ಕೆ ಬೇಕಾದದ್ದು ಎರಡನೆಯದು. ಆ ಪಟ್ಟಿಯಲ್ಲಿ ಒಬ್ಬರ ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಗೆ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಕಾಲೇಜಿನ ದಿನಗಳಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆಗೆ ನಿಮ್ಮ ಹಣ ಸೇರುತ್ತಿರಬಹುದು.

ಹಾಗಾಗಿ ಬ್ಯಾಂಕಿನ ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಬೇಡಿ. ‘ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಆಗಿದೆಯಾ, ಚಾಲ್ತಿಯಲ್ಲಿದೆಯಾ’ ಎಂದು ಕೇಳಿ. ಆಗಿಲ್ಲದಿದ್ದರೆ ಒಪ್ಪಿಗೆ ಪತ್ರ ಬರೆದುಕೊಟ್ಟು, ಅದರ ಸ್ವೀಕೃತಿ ಪಡೆದುಕೊಳ್ಳಿ. ಈ ಮಾತು ಯುವನಿಧಿಗೆ ಮಾತ್ರವಲ್ಲ, ಆಧಾರ್ ಮೂಲಕ ಬರುವ ಯಾವ ಹಣಕ್ಕೂ ಅನ್ವಯಿಸುತ್ತದೆ.

ಬ್ಯಾಂಕಿನ ಕಡೆ ಎಲ್ಲ ಸರಿಯಿದ್ದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ. ಯುವನಿಧಿಯನ್ನು ನಡೆಸುವುದು ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ. ಅರ್ಜಿ ಸಂಖ್ಯೆ, ಮಂಜೂರಾತಿಯ ಪ್ರತಿ, ಪಾಸ್‌ಬುಕ್ ಜೊತೆಗಿರಲಿ.

ಇಎಸ್‌ಐ: ಕಾರ್ಖಾನೆ ಕೆಲಸ ಹೋದವರಿಗೆ

ಇಎಸ್‌ಐ ಎಂದರೆ ಆಸ್ಪತ್ರೆ, ಔಷಧಿ ಎಂದೇ ಬಹುಪಾಲು ಕಾರ್ಮಿಕರ ತಿಳಿವಳಿಕೆ. ಕೆಲಸ ಹೋದಾಗಲೂ ಅದು ಹಣ ಕೊಡುತ್ತದೆಂದು ಗೊತ್ತಿರುವವರು ಕಡಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಈ ವಿಮೆಯ ಒಳಗೆ ಬರುತ್ತಾರೆ. ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಸೇರುತ್ತದೆ. ವರ್ಷಗಟ್ಟಲೆ ನಿಮ್ಮ ದುಡಿಮೆಯಿಂದಲೇ ಕಟ್ಟಿದ ಹಣವಿದು. ಕೇಳಲು ಸಂಕೋಚ ಬೇಡ.

ಇದರಲ್ಲಿ ಎರಡು ಯೋಜನೆಗಳಿವೆ.

ಮೊದಲನೆಯದು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈಯಲ್ಲಿ ಶುರುವಾದಾಗ ಸರಾಸರಿ ದಿನಗೂಲಿಯ ಶೇ 25ರಷ್ಟು ಕೊಡುತ್ತಿದ್ದರು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದನ್ನು ಶೇ 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಸರಾಸರಿ ದಿನಗೂಲಿ 460 ರೂಪಾಯಿ ಇದ್ದವರಿಗೆ ದಿನಕ್ಕೆ 230ರಂತೆ 90 ದಿನಕ್ಕೆ 20,700 ರೂಪಾಯಿ ಆಗುತ್ತದೆ. ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವುದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಆ ಎರಡು ವರ್ಷಗಳ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಅರ್ಜಿ ಹಾಕಬಹುದು. ಮಾಲೀಕರ ಮೂಲಕವೇ ಹೋಗಬೇಕಿಲ್ಲ, ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಸಲ್ಲಿಸಬಹುದು. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ. ಕಚೇರಿಗೆ ಹೋದ ದಿನವೇ ಅದು ಈಗ ಚಾಲ್ತಿಯಲ್ಲಿದೆಯೇ ಎಂದು ಕೇಳಿಕೊಳ್ಳಿ.

ಎರಡನೆಯದು 2005ರ ಏಪ್ರಿಲ್‌ನಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆಯೇ ಮುಚ್ಚಿದರೆ, ಕಾನೂನು ಪ್ರಕಾರ ಕಾರ್ಮಿಕರನ್ನು ಕಡಿತ ಮಾಡಿದರೆ, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಗಾಯದಿಂದ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಹೋದರೆ ಇದು ಸಿಗುತ್ತದೆ. ಒಟ್ಟು 24 ತಿಂಗಳವರೆಗೆ: ಮೊದಲ ವರ್ಷ ಕೂಲಿಯ ಶೇ 50, ಎರಡನೆಯ ವರ್ಷ ಶೇ 25. ಭತ್ಯೆ ಬರುವ ಅವಧಿಯಲ್ಲಿ ಕುಟುಂಬಕ್ಕೆ ಇಎಸ್‌ಐ ಚಿಕಿತ್ಸೆಯೂ ಇರುತ್ತದೆ. ಕಾರ್ಖಾನೆ ಮುಚ್ಚಿದ್ದರೆ ಇದನ್ನೇ ಮೊದಲು ಕೇಳಿ, ಏಕೆಂದರೆ ಅವಧಿ ದೊಡ್ಡದು. ಒಂದೇ ಕಾಲಕ್ಕೆ ಎರಡೂ ಯೋಜನೆಯ ಹಣ ಸಿಗುವುದಿಲ್ಲ.

ಹೊಸೂರಿನಲ್ಲೋ ತಿರುಪ್ಪೂರಿನಲ್ಲೋ ದುಡಿದು ಊರಿಗೆ ಮರಳಿದವರು ‘ಅದು ತಮಿಳುನಾಡಿನ ಕಂಪನಿ’ ಎಂದು ಕೈಚೆಲ್ಲಬೇಡಿ. ಇಎಸ್‌ಐ ಕೇಂದ್ರದ ನಿಗಮ. ನಿಮ್ಮ ವಿಮಾ ಸಂಖ್ಯೆ ದೇಶದ ಯಾವ ರಾಜ್ಯಕ್ಕೆ ಹೋದರೂ ಅದೇ.

ಆ ಒಂದು ಸಹಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಕೆಲಸದಿಂದ ತೆಗೆಯುವಾಗ ಕೆಲವು ಕಡೆ ಒಂದು ಕಾಗದ ಮುಂದಿಟ್ಟು, ‘ಇಲ್ಲಿ ಸಹಿ ಹಾಕಮ್ಮ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ’ ಎನ್ನುತ್ತಾರೆ. ಆ ಕಾಗದದಲ್ಲಿ ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಬರೆದಿರಬಹುದು. ಅದು ಇಂಗ್ಲಿಷಿನಲ್ಲಿದ್ದರೆ ಓದಿಸದೆ ಸಹಿ ಹಾಕಬೇಡಿ.

ಕಾರಣ ಸರಳ. ಇಎಸ್‌ಐ ನಿರುದ್ಯೋಗ ಭತ್ಯೆ ಸ್ವಇಚ್ಛೆಯಿಂದ ಕೆಲಸ ಬಿಟ್ಟವರಿಗೆ ಇಲ್ಲ. ದುರ್ನಡತೆಗಾಗಿ ವಜಾ ಆದವರಿಗೂ ಇಲ್ಲ, ನಿವೃತ್ತರಾದವರಿಗೂ ಇಲ್ಲ. ಕಡಿತಕ್ಕೊಳಗಾದ ಕಾರ್ಮಿಕರಿಗೆ ಕಾನೂನು ಕೊಡಿಸುವ ಪರಿಹಾರ, ಅಂದರೆ ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಮತ್ತು ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ, ಅದೂ ರಾಜೀನಾಮೆ ಎಂದಾಗ ಕೈತಪ್ಪುತ್ತದೆ. ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು ಒಂದು ಸಹಿಯಿಂದ ಐದು ತಿಂಗಳ ಸಂಬಳದಷ್ಟು ಪರಿಹಾರವನ್ನೂ ನಿರುದ್ಯೋಗ ಭತ್ಯೆಯನ್ನೂ ಬಿಟ್ಟುಕೊಟ್ಟಂತಾಗುತ್ತದೆ.

ಆದ್ದರಿಂದ ಕೆಲಸದಿಂದ ತೆಗೆದದ್ದಾದರೆ ಹಾಗೆಂದು ಬರೆದ ಪತ್ರವನ್ನೇ ಕೇಳಿ. ಕೊಡದಿದ್ದರೆ, ‘ಇಂಥ ದಿನದಿಂದ ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿಲ್ಲ’ ಎಂದು ನೀವೇ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕಾಗಿ ಬಂದರೆ ಆ ರಸೀದಿಯ ಮೇಲಿನ ತಾರೀಖು ನಿಮ್ಮ ಪರ ಮಾತಾಡುತ್ತದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಜೊತೆಗೆ ಕೆಲಸ ಮಾಡುತ್ತಿದ್ದವರನ್ನೋ ಕಾರ್ಮಿಕ ಸಂಘದವರನ್ನೋ ಕರೆದುಕೊಂಡು ಹೋಗಿ.

ಪಿಎಫ್: ಕೊನೆಗೆ ಮುಟ್ಟಬೇಕಾದ ಹಣ

ಪಿಎಫ್ ಸರ್ಕಾರ ಕೊಡುವ ನೆರವಲ್ಲ, ನಿಮ್ಮದೇ ಉಳಿತಾಯ. ಆದರೂ ಕೆಲಸ ಹೋದ ಮನೆಯಲ್ಲಿ ಮೊದಲು ನೆನಪಾಗುವುದು ಅದೇ. ಹಿಂದಿನ ನಿಯಮದಲ್ಲಿ ಒಂದು ತಿಂಗಳು ಕೆಲಸವಿಲ್ಲದಿದ್ದರೆ ಶೇ 75, ಎರಡು ತಿಂಗಳಾದರೆ ಪೂರ್ತಿ ಹಣ ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿ ಸಂಘಟನೆಯ ಕೇಂದ್ರ ಮಂಡಳಿ ಇದನ್ನು ಬದಲಿಸುವ ತೀರ್ಮಾನ ಮಾಡಿತು: ಶೇ 75ನ್ನು ಕೆಲಸ ಹೋದ ಕೂಡಲೇ ತೆಗೆಯಬಹುದು, ಪೂರ್ತಿ ಹಣಕ್ಕೆ 12 ತಿಂಗಳು ಕಾಯಬೇಕು, ಪಿಂಚಣಿ ಪಾಲಿಗೆ 36 ತಿಂಗಳು. ಅರ್ಜಿ ಹಾಕುವ ದಿನ ಪೋರ್ಟಲ್ ಏನು ತೋರಿಸುತ್ತದೆಂದು ನೋಡಿ ಮುಂದುವರಿಯಿರಿ.

ನೀವು ಕೆಲಸ ಬಿಟ್ಟ ತಾರೀಖನ್ನು ಕಂಪನಿ ನಮೂದಿಸದೆ ಸತಾಯಿಸುತ್ತಿದೆಯೇ? ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಅದನ್ನು ನಮೂದಿಸಬಹುದು. ಐದು ವರ್ಷದ ಸೇವೆ ತುಂಬುವ ಮುನ್ನ ಹಣ ತೆಗೆದರೆ ಆದಾಯ ತೆರಿಗೆಯ ಪ್ರಶ್ನೆ ಬರುತ್ತದೆ. ಹಳೆಯ ಕಂಪನಿಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದ್ದರೆ ಆ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ.

ಪಿಂಚಣಿ ಪಾಲಿನ ಬಗ್ಗೆ ಆತುರ ಬೇಡ. ಒಟ್ಟು ಹತ್ತು ವರ್ಷದ ಸೇವೆ ಆದವರಿಗೆ ಮುಪ್ಪಿನಲ್ಲಿ ಪಿಂಚಣಿಯ ಹಕ್ಕಿದೆ. ಏಳೆಂಟು ವರ್ಷ ದುಡಿದವರು ಆ ಪಾಲನ್ನು ತೆಗೆದುಬಿಟ್ಟರೆ ಮುಂದಿನ ಕೆಲಸದಲ್ಲಿ ಮತ್ತೆ ಸೊನ್ನೆಯಿಂದ ಎಣಿಸಬೇಕು. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಹಳೆಯ ವರ್ಷಗಳು ಉಳಿಯುತ್ತವೆ. ಮೊದಲು ಭತ್ಯೆ, ಆಮೇಲೆ ಪರಿಹಾರ, ಕೊನೆಗೆ ಪಿಎಫ್ – ಆಗುವುದಾದರೆ ಈ ಕ್ರಮ ಒಳ್ಳೆಯದು. ಬಿತ್ತನೆ ಕಾಳನ್ನು ಅಟ್ಟದಿಂದ ಇಳಿಸುವುದು ಬೇರೆ ಕಾಳೆಲ್ಲ ಮುಗಿದ ಮೇಲೆ.

ಹಳ್ಳಿಯಲ್ಲಿರುವವರಿಗೆ

2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ ಒಂದು ದೊಡ್ಡ ತತ್ವ ತಂದಿತು: ಕೆಲಸ ಕೇಳಿದ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲೂ 15 ದಿನದ ಗಡುವು, ಭತ್ಯೆಯ ಮಾತು ಉಳಿದಿವೆ.

ಆದರೆ ಪಂಚಾಯಿತಿ ಕಟ್ಟೆಯಲ್ಲಿ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ತಾರೀಖು ಇರುವುದಿಲ್ಲ. ಅರ್ಜಿ ಬರೆದು ಕೊಡಿ, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ಆ ಸ್ವೀಕೃತಿ ಇಲ್ಲದೆ 15 ದಿನದ ಲೆಕ್ಕ ಎಲ್ಲಿಂದಲೂ ಶುರುವಾಗದು.

ಯಾವ ಗುಂಪಿಗೂ ಸೇರದವರು

ಇಷ್ಟು ಓದಿದ ಮೇಲೂ ‘ನನಗೆ ಇದರಲ್ಲಿ ಯಾವುದೂ ಇಲ್ಲವಲ್ಲ’ ಎನ್ನುವವರು ಬಹಳ ಮಂದಿ ಇದ್ದಾರೆ. ಬಟ್ಟೆ ಅಂಗಡಿಯ ಹುಡುಗಿ, ಹೋಟೆಲಿನ ಸಪ್ಲೈಯರ್, ಮನೆಗೆಲಸದವರು, ಪಿಯುಸಿಗೇ ಓದು ಬಿಟ್ಟವರು. ಇ–ಶ್ರಮ ಕಾರ್ಡು ಮಾಡಿಸಿದರೆ ಪ್ರತಿ ತಿಂಗಳು ಹಣ ಬರುತ್ತದೆಂದು ಕೆಲವರು ನಂಬಿದ್ದಾರೆ. ಅದು ಅಸಂಘಟಿತ ಕಾರ್ಮಿಕರ ನೋಂದಣಿ ಮಾತ್ರ, ನಿರುದ್ಯೋಗ ಭತ್ಯೆ ಅಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಲೋಪ ಇದು. ಅತಿ ಕಡಿಮೆ ಸಂಬಳಕ್ಕೆ ದುಡಿಯುವವರಿಗೇ ಕೆಲಸ ಹೋದಾಗ ಹಿಡಿದುಕೊಳ್ಳಲು ಏನೂ ಇಲ್ಲ. ಆದರೂ ಒಂದು ವಿಚಾರಿಸಿ: ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಹೋಟೆಲುಗಳಿಗೂ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಮಾಲೀಕರು ನೋಂದಾಯಿಸಿದ್ದಾರೆಯೇ ಎಂದು ಕೆಲಸದಲ್ಲಿರುವಾಗಲೇ ಕೇಳಿ.

ಇಂದೇ ಮಾಡಿಡಬೇಕಾದದ್ದು

ಕೆಲಸ ಇರುವವರೂ ಒಂದು ಪ್ಲಾಸ್ಟಿಕ್ ಫೈಲು ತಂದು ಇವನ್ನು ಹಾಕಿಡಿ:

• ನೇಮಕಾತಿ ಪತ್ರ ಮತ್ತು ಕಂಪನಿಯ ಗುರುತಿನ ಚೀಟಿಯ ನಕಲು
• ಸಂಬಳ ಚೀಟಿಗಳು. ಚೀಟಿ ಕೊಡದಿದ್ದರೆ ಸಂಬಳ ಜಮೆ ಕಾಣುವ ಪಾಸ್‌ಬುಕ್ ಪುಟಗಳು
• ಇಎಸ್‌ಐ ವಿಮಾ ಸಂಖ್ಯೆ, ಪಿಎಫ್‌ನ ಯುಎಎನ್
• ಆಧಾರ್, ಎನ್‌ಪಿಸಿಐ ಮ್ಯಾಪಿಂಗ್ ಆದ ಖಾತೆಯ ವಿವರ
• ಯಾವ ಕಚೇರಿಗೆ ಯಾವ ದಿನ ಹೋದಿರಿ, ಏನು ಹೇಳಿದರು ಎಂದು ಬರೆದಿಡಲು ಒಂದು ನೋಟುಪುಸ್ತಕ

ಒಟಿಪಿಯನ್ನು ಯಾರಿಗೂ ಹೇಳಬೇಡಿ. ‘ನಿಮ್ಮ ಯುವನಿಧಿ ಮಂಜೂರು ಮಾಡಿಸುತ್ತೇವೆ’ ಎಂದು ಫೋನ್ ಮಾಡಿ ಕಮಿಷನ್ ಕೇಳುವವರನ್ನು ನಂಬಬೇಡಿ. ಮಂಜೂರಾತಿಗೆ ಮಧ್ಯವರ್ತಿ ಬೇಕಿಲ್ಲ.

ಕೊನೆಯದಾಗಿ ಹಿರಿಯರಿಗೆ ಒಂದು ವಿನಂತಿ. ಮುಂದಿನ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಅಂಥ ಹುಡುಗನೋ ಹುಡುಗಿಯೋ ಬಂದು ಕೂತರೆ, ‘ಏನ್ಮಾಡ್ಕೊಂಡಿದೀಯ’ ಎಂದು ಕೇಳಬೇಡಿ. ‘ಡಿಜಿಲಾಕರ್‌ನಲ್ಲಿ ಸರ್ಟಿಫಿಕೇಟು ಬಂತೇನಪ್ಪ? ಯುವನಿಧಿಗೆ ಅರ್ಜಿ ಹಾಕಿದ್ಯಾ?’ ಎಂದು ಕೇಳಿ. ಹಾಕಿಲ್ಲ ಎಂದರೆ ಸೋಮವಾರ ಗ್ರಾಮ ಒನ್‌ವರೆಗೆ ಜೊತೆಗೆ ಹೋಗಿ ಬನ್ನಿ.